ಒದ್ದೆ ಕಂಬಳಿ ಮತ್ತು ಬೋರೇಶನ ಗ್ಯಾಸ್ ಗಾಡಿ

ಚಿನ್ಮಯಿ, ಗಗನ, ನಿನ್ನೆ ಮಳೆಗೆ ನೆನೆದ ನನ್ನ ಕಂಬಳಿಯನ್ನು ಒಳಗೆ ತಂದಾಗ ನೀವಿಬ್ಬರೂ ಮೂಗು ಮುಚ್ಚಿಕೊಂಡು ಓಡಿದಿರಿ. "ಅಜ್ಜಿ, ಕುರಿ ಮನೆಯೊಳಗೆ ಬಂತು" ಎಂದು ಗಗನ ಕೂಗಿದ. ತಪ್ಪಿಲ್ಲ, ಒದ್ದೆ ಕಂಬಳಿ ಕುರಿಯ ಹಾಗೇ ನಾರುತ್ತದೆ. ಆದರೆ ನನಗೆ ಆ ವಾಸನೆಯ ಬೆನ್ನಿಗೇ ಪೆಟ್ರೋಲಿನ ವಾಸನೆಯೂ ಬರುತ್ತದೆ. ಅದರ ಮೂಲೆಯಲ್ಲಿರುವ ಕಪ್ಪು ಕಲೆ ಏನೆಂದು ಚಿನ್ಮಯಿ ಒಮ್ಮೆ ಕೇಳಿದ್ದಳು. ಅದನ್ನೇ ಈಗ ಬರೆಯುತ್ತಿದ್ದೇನೆ. ನನಗೆ ಬಾಯಿಗಿಂತ ಪೆನ್ನು ವಾಸಿ.

ನಿಮ್ಮ ತಾತನ ಗ್ಯಾರೇಜು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯ ಅಂಚಿಗಿತ್ತು. ಮುಂದೆ ಗ್ಯಾರೇಜು, ಹಿಂದೆ ನಮ್ಮ ಮನೆ, ನಡುವೆ ಗೋಣಿಚೀಲದ ಪರದೆ. ಆ ಪರದೆಯೇ ನನ್ನ ಗಡಿ. ತವರೂರು ನನ್ನಿವಾಳದಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಲ್ಲಿಯೂ ಹಾಜರಿ ಕೂಗಿದಾಗ ನನ್ನ ಪರವಾಗಿ ಪಕ್ಕದವಳೇ ಓಗೊಡುತ್ತಿದ್ದಳು. ಗಿರಾಕಿಗಳಿಗೆ ಟೀ ಬೇಕೆಂದರೆ ಪರದೆಯ ಸಂದಿನಿಂದ ಲೋಟ ಚಾಚುತ್ತಿದ್ದೆ. ಅವರಿಗೆ ನನ್ನ ಬಳೆಯ ಪರಿಚಯವಿತ್ತು, ಮುಖದ್ದಿರಲಿಲ್ಲ.

ಆ ವರ್ಷಗಳಲ್ಲಿ ತಾತನ ಕಿವಿ ಮಂದವಾಗಿತ್ತು. ಇಂಜಿನ್ನುಗಳ ನಡುವೆ ಬದುಕಿದವರಿಗೆ ಬರುವ ಸಂಬಳ ಅದು. ಆದರೆ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿ ಎಂದು ಅವರಿಗೆ ಹೆಸರಿತ್ತಲ್ಲ, ಕಿವಿ ಹೋಯಿತೆಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಹಾಗಾಗಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಸದ್ದು ಹಲ್ಲಿನಿಂದ ತಲೆಗೆ ಹೋಗುತ್ತಿತ್ತು. ನೋಡಿದವರು ಇದೇನೋ ದೊಡ್ಡ ವಿದ್ಯೆ ಎಂದುಕೊಳ್ಳುತ್ತಿದ್ದರು. ಗಿರಾಕಿಯ ಮಾತು ಕೇಳಿಸದಿದ್ದಾಗ ನಕ್ಕು ತಲೆಯಾಡಿಸುವುದು ಅವರ ಇನ್ನೊಂದು ವಿದ್ಯೆ. ಆ ತಲೆಯಾಟದ ಅರ್ಥ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಬಿ.ಜಿ. ಕೆರೆಯ ಬೋರೇಶ ಎಂಬ ಹುಡುಗ ತನ್ನ ಮೋಟರ್ ಸೈಕಲ್ಲನ್ನು ತಳ್ಳಿಕೊಂಡು ಬಂದ. ದನ ಮೇಯುವ ಕಾವಲಿನ ಬಯಲಿನಲ್ಲಿ ಹುಡುಗರು ಗಾಡಿ ಓಡಿಸುವ ಪಂದ್ಯ ಇಟ್ಟುಕೊಂಡಿದ್ದರು. ಅದಕ್ಕಾಗಿ ಅವನು ಎಲ್ಲಿಂದಲೋ ಸೀಟಿನ ಪಕ್ಕಕ್ಕೆ ಒಂದು ಸಣ್ಣ ಸಿಲಿಂಡರ್ ಕೂರಿಸಿಕೊಂಡು ಬಂದಿದ್ದ. ಒಳಗಿರುವುದು ನೈಟ್ರಸ್ ಆಕ್ಸೈಡ್ ಎಂಬ ಗ್ಯಾಸು. ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಅದು ಇಂಜಿನ್ನಿಗೆ ನುಗ್ಗಿ ಗಾಡಿ ಜಿಗಿಯುತ್ತದಂತೆ.

"ಏಮ್ ಮಾಮಾ, ಬೆಳಿಗ್ಗೆ ಕುದುರೆ ಇದ್ದಂಗೆ ಹೋಗ್ತೈತೆ, ಮಧ್ಯಾಹ್ನ ಗುಂಡಿ ಒತ್ತಿದ್ರೆ ಬಿಸಿಯಾಗಿ ನಿಂತುಬಿಡ್ತೈತೆ" ಎಂದ ಬೋರೇಶ. ಅವರ ಕಡೆಯವರ ಮಾತಿನಲ್ಲಿ ತೆಲುಗು ಒಗ್ಗರಣೆ ಇದ್ದೇ ಇರುತ್ತದೆ.

ತಾತ ಮೊದಲು ಗ್ಯಾಸನ್ನು ಪೂರ್ತಿ ಮುಚ್ಚಿದರು. "ಹೊಸ ನೆಂಟನ್ನ ಆಚೆ ಕೂರ್ಸಿ, ಮನೆಯೋರು ನೆಟ್ಟಗವರಾ ನೋಡಾಣ" ಎಂದರು. ಪೆಟ್ರೋಲ್ ಪೈಪು, ಕಾರ್ಬುರೇಟರ್, ಪ್ಲಗ್ಗು ಎಲ್ಲ ಬಿಚ್ಚಿ ತೊಳೆದರು. ಗ್ಯಾಸಿಲ್ಲದೆ ಗಾಡಿ ಚೆನ್ನಾಗಿಯೇ ಓಡಿತು. ಹಾಗಾದರೆ ತೊಂದರೆ ನೆಂಟನದೇ. ಗ್ಯಾಸು ಬಿಟ್ಟುಕೊಂಡು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಾ ಎಂದರು. ಓಡುವ ಗಾಡಿಗೆ ಸ್ಕ್ರೂಡ್ರೈವರ್ ಕಚ್ಚಿ ಹಿಡಿಯಲಾಗುತ್ತದೆಯೇ? ನಾನು ಪರದೆಯ ಸಂದಿಗೆ ಕಿವಿಯಿಟ್ಟೆ.

ಸುಡು ಬಿಸಿಲು. ಬೋರೇಶ ಗುಂಡಿ ಒತ್ತಿಕೊಂಡು ನಮ್ಮ ಬಾಗಿಲ ಮುಂದೆ ಹಾದುಹೋದ. ಆಗ ಆ ಇಂಜಿನ್ನಿನ ಆರ್ಭಟದ ಒಳಗೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು, ಮೊರದಲ್ಲಿ ಒಣ ಶೇಂಗಾ ಅಲುಗಾಡಿಸಿದ ಹಾಗೆ. ಬೋರೇಶ ತಿರುಗಿ ಬಂದು, "ಸರಿ ಐತಾ ಮಾಮಾ? ಈ ಸಲ ಹಟ್ಟಿ ತನಕ ಒತ್ತೇ ಹಿಡೀಲಾ?" ಎಂದ.

ನಿಮ್ಮ ತಾತ ನಕ್ಕು ತಲೆಯಾಡಿಸಿದರು.

ಒಲೆಯ ಮೇಲಿನ ಹಾಲು ಏನಾಯಿತೋ ನನಗೆ ನೆನಪಿಲ್ಲ. ಪರದೆ ಸರಿಸಿ ರಸ್ತೆಗೇ ಬಂದಿದ್ದೆ. "ಬ್ಯಾಡಪ್ಪ, ಒತ್ತಬ್ಯಾಡ. ಒಳಗೆ ಶೇಂಗಾ ಅಲ್ಲಾಡ್ದಂಗೆ ಬಡೀತೈತೆ" ಎಂದೆ.

ಬೋರೇಶ ಗಾಡಿ ನಿಲ್ಲಿಸಿ ಬಾಯಿ ತೆರೆದ. "ಅತ್ತೆ ಮಾತಾಡ್ತಾರಾ?"

ನನ್ನ ಮಾತು ಕೇಳಿಸದಿದ್ದರೂ ನನ್ನ ಮುಖ ನೋಡಿ ತಾತ ಪ್ಲಗ್ಗು ಬಿಚ್ಚಿದರು. ಅತಿ ಕಾವಿಗೆ ಅದರ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇನ್ನೊಂದು ಮೈಲಿ ಹೋಗಿದ್ದರೆ ಪಿಸ್ಟನ್ ಕರಗಿಬಿಡುತ್ತಿತ್ತು. ಪ್ಲಗ್ಗನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ನಾನು ಅವರ ಮಾನ ಕಳೆದೆನೆಂದು ನೆಲ ನೋಡುತ್ತಿದ್ದೆ. ಆಮೇಲೆ ಬೋರೇಶನಿಗೆ, "ನನಗೆ ಆ ಸದ್ದು ಕೇಳ್ಸಲಿಲ್ಲ ಕಣಲೇ. ಕಿವಿ ಹೋಗೈತೆ" ಎಂದರು.

"ಅದು ಊರಿಗೆಲ್ಲ ಗೊತ್ತು ಬಿಡು ಮಾಮಾ" ಎಂದು ಅವರ ಕಿವಿಯ ಹತ್ತಿರ ಕೂಗಿದ ಬೋರೇಶ. "ಇಲ್ದಿದ್ರೆ ನಿನ್ನ ಅಂಗಡೀಲಿ ಎಲ್ರೂ ಯಾಕಂಗೆ ಕೂಗಾಡ್ತಾರೆ?"

ತಾತ ನನ್ನ ಕಡೆ ನೋಡಿದರು. ಅದಾದ ಮೇಲೆ ಅವರು ನಕ್ಕ ನಗು ತಲೆಯಾಡಿಸುವಾಗಿನ ನಗುವಲ್ಲ.

ರೋಗ ಗೊತ್ತಾಯಿತು. ಒಲೆ ಊದಿದವರಿಗೆ ಇದು ಅರ್ಥವಾಗುತ್ತದೆ. ಗ್ಯಾಸು ಬೆಂಕಿಗೆ ಉಸಿರು, ಪೆಟ್ರೋಲು ಸೌದೆ. ಬಿಸಿಲಿಗೆ ಸಿಲಿಂಡರ್ ಕಾದಾಗ ಉಸಿರು ವಿಪರೀತ ನುಗ್ಗಿ, ಸೌದೆ ಸಾಲದೆ, ಒಲೆಯೇ ಸುಡುತ್ತಿತ್ತು. ಅದಕ್ಕೆ ಮದ್ದು? ನೀರಿನ ಕೊಡಕ್ಕೆ ನಾವು ಮಾಡುವುದನ್ನೇ ಮಾಡಿದೆವು. ಇದೇ ಕಂಬಳಿಯನ್ನು ನೆನೆಸಿ ಸಿಲಿಂಡರಿಗೆ ಸುತ್ತಿದೆವು. ಬೋರೇಶನ ಉತ್ಸಾಹ ಕೇಳಬೇಕೇ, ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತಂದು ಕಂಬಳಿಯೊಳಗೆ ತುರುಕಿದ. ಈಗ ಗುಂಡಿ ಒತ್ತಿದರೆ ಗಾಡಿ ಮುಲುಗಿ, ಕೆಮ್ಮಿ, ಕರಿ ಹೊಗೆ ಬಿಟ್ಟಿತು. ಗ್ಯಾಸು ತಣ್ಣಗಾಗಿ ಉಸಿರು ಸಾಲದೆ ಸೌದೆ ಹೆಚ್ಚಾಗಿತ್ತು. ಪ್ಲಗ್ಗಿನ ಮಸಿಯನ್ನು ತಾತ ಕೈಗೆ ಸಿಕ್ಕ ಕಂಬಳಿಯ ಮೂಲೆಗೇ ಒರೆಸಿದರು. ಚಿನ್ಮಯಿ, ನೀನು ಕೇಳಿದ ಕಲೆ ಅದು.

"ನಮ್ಮಪ್ಪ ಕುರಿ ಹಿಂದೆ ಹೋಗೋವಾಗ ಬಿಸಿಲಿಗೂ ಒಣ ಕಂಬಳಿನೇ ಹೊದೀತಿದ್ದ, ಕಾವು ಒಳಕ್ಕೆ ಬರ್ತಿರ್ಲಿಲ್ಲ" ಎಂದೆ ನಾನು, ಈ ಸಲ ಜೋರಾಗಿ. ಬೇವಿನ ನೆರಳಲ್ಲಿ ಗಾಡಿಯನ್ನು ಆರಲು ಬಿಟ್ಟು, ಕಂಬಳಿ ಒಣಗಿಸಿ, ಮತ್ತೆ ಸುತ್ತಿದೆವು. ನಾನು ರಸ್ತೆಯ ಬದಿಗೆ ನಿಂತೆ. ಬೋರೇಶ ಹಾದುಹೋದ. ಶೇಂಗಾ ಇಲ್ಲ, ಕೆಮ್ಮಿಲ್ಲ. ನಾನು ಕೈ ಎತ್ತಿದೆ, ತಾತನೂ ಕೈ ಎತ್ತಿದರು.

ಪಂದ್ಯ ಗೆದ್ದನಾ ಎಂದು ಗಗನ ಕೇಳುತ್ತಾನೆ. ಇಲ್ಲ. ಆದರೆ ತಳ್ಳಿಕೊಂಡು ಬಂದಿದ್ದವನು ಕಂಬಳಿ ವಾಪಸು ಕೊಡಲು ಗಾಡಿಯ ಮೇಲೆ ಕೂತು ಬಂದ. ಗ್ಯಾರೇಜು ಮುಂದೆಯೂ ನಡೆಯಿತು. ಗಾಡಿ ಓಡಿಸಿ ನೋಡುವ ಹೊತ್ತಿಗೆಲ್ಲ "ಅತ್ತೇನ ಕರೀರಿ" ಎನ್ನುವುದು ರೂಢಿಯಾಯಿತು. ಗೋಣಿಯ ಪರದೆ ಹರಿದಾಗ ನಾನು ಹೊಸದು ಹೊಲಿಯಲಿಲ್ಲ.

ಮೊನ್ನೆ ನಿನ್ನ ಟೀಚರು, ಇವಳಿಗೆ ಉತ್ತರ ಗೊತ್ತು ಆದರೆ ಎದ್ದು ನಿಲ್ಲುವುದಿಲ್ಲ ಅಂದರಂತೆ, ಚಿನ್ಮಯಿ. ನನ್ನ ರಕ್ತ, ಏನು ಮಾಡುವುದು. ಅದಕ್ಕೇ ಇಷ್ಟು ಬರೆದೆ. ಕಂಬಳಿ ಈಗ ಹಗ್ಗದ ಮೇಲೆ ಒಣಗಿದೆ. ಆ ಕಲೆಯನ್ನು ಒಳಗೆ ಮಾಡಿ ಮಡಚುವುದು ನನ್ನ ಅಭ್ಯಾಸ. ಇವತ್ತು ಮೇಲಕ್ಕೆ ಬರುವಂತೆ ಮಡಚುತ್ತೇನೆ. ಈ ಹಾಳೆಗಳನ್ನು ಅದರ ಮಡಿಕೆಯಲ್ಲಿಡಿ, ಜೊತೆಗೆ ನಾಲ್ಕು ಬೇವಿನ ಎಲೆ ಹಾಕಿ, ಹುಳ ಬೀಳದಂತೆ ನೋಡಿಕೊಳ್ಳಿ. ಕುರಿ ವಾಸನೆ ಹತ್ತಿದರೆ ಹತ್ತಲಿ.