ಅಪ್ಪನ ಮೂಲೆಯ ಉಪ್ಪು

ಉಬ್ಬರದ ಹೊತ್ತಿಗೆ ಸಮುದ್ರದ ಉಪ್ಪುನೀರು ನದಿಯೊಳಗೆ ಎಷ್ಟು ದೂರ ನುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕರಾವಳಿಯ ಒಂದು ಅಳಿವೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕಕ್ಕೆ ಕೆಳಗಿನಿಂದ ಎಷ್ಟು ಉಪ್ಪು ಬಂತು, ಮೇಲಿನ ಸಿಹಿನೀರು ಎಷ್ಟನ್ನು ಹಿಂದಕ್ಕೆ ನೂಕಿತು ಎಂದು ಸಮೀಕರಣ ಬಿಡಿಸುತ್ತ ಕೂರುತ್ತಿದ್ದೆ. ಕುಡಚಿಯ ಹತ್ತಿರದ ನಮ್ಮೂರಿನಲ್ಲಿ ಇದನ್ನು ವಿವರಿಸಲು ಹೋಗಿ ನನಗೆ ಸಾಕಾಗಿತ್ತು. "ಸಮುದ್ರದಾಗ ಉಪ್ಪು ಸರಿಯಾಗಿ ಐತೇನಂತ ನೋಡೂದ ಅಕಿ ಕೆಲಸ" ಎಂದು ಅಣ್ಣ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅಪ್ಪ ಸತ್ತು ಕೆಲವು ವರ್ಷಗಳ ಮೇಲೆ ಆ ನಗು ನಿಂತಿತು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲದ ತಗ್ಗಿನ ಭಾಗ ಸವಳಾಗಿ, ನೆಲದ ಮೇಲೆ ಬೆಳ್ಳಗೆ ಉಪ್ಪು ಕೂತಿತ್ತು. ಮಣ್ಣೊಳಗಿನ ನೀರನ್ನು ಹಳ್ಳಕ್ಕೆ ಬಸಿಯುವ ಕಾಲುವೆ ತೋಡದಿದ್ದರೆ ಮೇಲಿನ ಹೊಲವೂ ಹೋಗುವುದಿತ್ತು.

"ನಿನ್ನ ಲೆಕ್ಕದಾಗ ನಮ್ಮ ಹೊಲಾನೂ ಹಾಕಿ ನೋಡ ತಂಗಿ. ಎಲ್ಲಿ ತೋಡ್ಲಿ?" ಎಂದ ಅಣ್ಣ.

ಅಳಿವೆಯ ಲೆಕ್ಕ ಹೊಲಕ್ಕೆ ಹಾಗೇ ಹೊಂದುವುದಿಲ್ಲ. ಉಬ್ಬರ ಇಳಿತ ತೆಗೆದೆ, ಕಪ್ಪು ಮಣ್ಣಿನಲ್ಲಿ ನೀರು ನಿಧಾನಕ್ಕೆ ಜಿನುಗುವುದನ್ನು ಸೇರಿಸಿದೆ. ಕಾಲುವೆಯ ಗೆರೆ ಅತಿ ತಗ್ಗಿನ ಮೂಲೆಯ ಮೇಲೆ ಹಾದುಹೋಯಿತು. ಅಲ್ಲಿ ಅಪ್ಪನನ್ನು ಹೂಳಿದ್ದೆವು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಬೆಳೆಯ ಜಾಗ ಹೋಗದಿರಲೆಂದು, ಏನೂ ಸರಿಯಾಗಿ ಬಾರದ ಮೂಲೆಯನ್ನೇ ಆರಿಸಿದ್ದೆವು. ಅಲ್ಲಿ ಬೆಳೆ ಯಾಕೆ ಬರುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಗೆರೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿದೆ. ಉಪ್ಪು ಮೇಲಿನ ಹೊಲಕ್ಕೆ ಏರಿತು. ಇನ್ನಷ್ಟು ಸರಿಸಿದೆ. ಅದೇ ಉತ್ತರ. ದುಃಖವಾಗಬೇಕಿತ್ತು, ಆಗಲಿಲ್ಲ. ಅಪ್ಪನನ್ನು ಹೂಳಿದ ದಿನವೂ ಆಗಿರಲಿಲ್ಲ. ಚಹಾ ಕುಡಿದು ಅಣ್ಣನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಅದನ್ನು ಅವ್ವನಿಗೆ ತಿಳಿಸಿ ಫೋನನ್ನು ಅವಳ ಕೈಗೆ ಕೊಟ್ಟ.

"ತೋಡ್ರಿ," ಎಂದಳು ಅವ್ವ. "ಎಲುಬು ಸಿಕ್ಕರ ಮ್ಯಾಲಿನ ಬದುವಿನ್ಯಾಗ ಇಡ್ರಿ. ಹೊಲ ಹಾಳಾಗೂದು ಅವರಿಗೂ ನೋಡಾಕ ಆಗತಿದ್ದಿಲ್ಲ."

ಕಾಲುವೆ ತೋಡಿ, ಅಪ್ಪನ ಎಲುಬುಗಳನ್ನು ಮೇಲಿನ ಬದುವಿನಲ್ಲಿ ಹೂತ ದಿನ ನಾನು ಊರಿಗೆ ಹೋಗಲಿಲ್ಲ, ಅಳಿವೆಯ ದಂಡೆಯಲ್ಲಿದ್ದೆ. ಸಂಜೆ ಅಣ್ಣನ ಫೋನ್ ಬಂತು.

"ನೀರು ಬಸಿಯಾಕತ್ತೈತಿ," ಎಂದ.

"ಉಪ್ಪು ಐತೇನು?"

"ಹೌದು ತಂಗಿ. ಬಾಯಾಗ ಹಾಕ್ಕೊಂಡ ನೋಡಿದೆ," ಎಂದವನೇ ಬಿಕ್ಕಿ ಬಿಕ್ಕಿ ಅತ್ತ.

ನಾನು ಅಳಲಿಲ್ಲ. ಲೆಕ್ಕ ಸರಿಬಂತಲ್ಲ ಎಂದು ಖುಷಿಯಾಯಿತು. ಅಪ್ಪ ಸತ್ತ ಮೇಲೆ ನನಗೆ ಏನಾದರೂ ಅನಿಸಿದ್ದು ಅದೇ ಮೊದಲು.