ಹೆರದೆ ಬಾಣಂತಿಯಾದ ಚಿತ್ತಮ್ಮ

ಆಪರೇಷನ್ ಆಗಿ ಮೂರನೆಯ ದಿನಕ್ಕೇ ಚಿತ್ತಮ್ಮನಿಗೆ ನಗು ಶುರುವಾಯಿತು. ನಕ್ಕರೆ ಹೊಟ್ಟೆಯ ಹೊಲಿಗೆ ಜಗ್ಗುತ್ತಿತ್ತು, ಜಗ್ಗಿದರೆ "ಅಯ್ಯಪ್ಪೋ" ಅನ್ನುತ್ತಿದ್ದಳು, ಆಮೇಲೆ ತನ್ನ ಫಜೀತಿಗೆ ತಾನೇ ಇನ್ನಷ್ಟು ನಗುತ್ತಿದ್ದಳು. ಎಪ್ಪತ್ತನಾಲ್ಕನೇ ಇಸವಿಯ ಮಾತು. ದುರ್ಗದ ಆಸ್ಪತ್ರೆಯ ಹೆಂಗಸರ ವಾರ್ಡು ಹೀಗೆ ದಿಂಬು ಅವುಚಿಕೊಂಡು ನಗುವ ರೋಗಿಯನ್ನು ಹಿಂದೆಂದೂ ಕಂಡಿರಲಿಲ್ಲ.

ನಗದೆ ಏನು ಮಾಡಿಯಾಳು? ಹೊಸದುರ್ಗದ ಕಡೆ ಅವಳದು ಕುರಿ ಕಾಯುವವರ ಹಟ್ಟಿ. ಅಲ್ಲಿ ಮುಟ್ಟಾದ ಹೆಂಗಸು ಮುಳ್ಳುಬೇಲಿಯ ಆಚೆ, ಬಗ್ಗಿ ನುಗ್ಗಬೇಕಾದ ಗುಡ್ಲಿನಲ್ಲಿ ಕೂರಬೇಕು. ಹೆತ್ತರೆ ಪೂರಾ ಒಂದು ತಿಂಗಳು. ಹಟ್ಟಿಯೊಳಗೆ ದೇವರಿದ್ದಾನೆ, ಅವನಿಗೆ ಮೈಲಿಗೆ ತಾಗಬಾರದು. ಚಿತ್ತಮ್ಮ ಐದು ಬಾಣಂತನವನ್ನೂ ಆ ಗುಡ್ಲಿನಲ್ಲೇ ಕಳೆದವಳು. ಸಾಲದ್ದಕ್ಕೆ ಮೂರು ವರ್ಷದಿಂದ ರಕ್ತ ಹೋಗುವ ಕಾಯಿಲೆ ಹಿಡಿದು, ತಿಂಗಳಲ್ಲಿ ಹದಿನೈದು ದಿನ ಹೊರಗೇ. ಗಂಡ ಕೆಂಚಣ್ಣ ಕುರಿಯ ಹಿಂದೆ, ಹೆಂಡತಿ ಬೇಲಿಯ ಹಿಂದೆ. ಇದನ್ನು ಸಂಸಾರ ಅನ್ನುವವರ ಬಾಯಿಗೆ ಮಣ್ಣು ಹಾಕಬೇಕು.

ಲೇಡಿ ಡಾಕ್ಟರು ಕಮಲಮ್ಮ ಗರ್ಭಚೀಲ ತೆಗೆಯಬೇಕು ಎಂದಾಗ ಕೆಂಚಣ್ಣ ಗೋಡೆಗೆ ಒರಗಿ ಅತ್ತುಬಿಟ್ಟ. ಚಿತ್ತಮ್ಮ ಕೇಳಿದ್ದು ಒಂದೇ.

"ತೆಗುದ್ರೆ ಮತ್ತೆ ಮುಟ್ಟು ಬರಲ್ವೇನ್ರಮ್ಮ?"

"ಈ ಜನ್ಮದಲ್ಲಿ ಬರಲ್ಲ."

"ಹಂಗಾರೆ ಇವತ್ತೇ ತೆಗೀರಿ!"

ಎಂಟನೆಯ ದಿನ ಹೊಲಿಗೆ ಬಿಚ್ಚಿದರು. ಹತ್ತನೆಯ ದಿನ ಮನೆಗೆ ಹೋಗಬಹುದು ಎಂದರು ಡಾಕ್ಟರು. ಅದೇ ಮಧ್ಯಾಹ್ನ ಕೆಂಚಣ್ಣ ಮುಖ ಹುಳ್ಳಗೆ ಮಾಡಿಕೊಂಡು ಬಂದ.

"ಲೇ ಚಿತ್ತಿ, ಪೂಜಾರಿ ಜುಂಜಯ್ಯ ಒಪ್ತಾ ಇಲ್ಲ. ಗರ್ಭಕ್ಕೆ ಕತ್ತಿ ಬಿದ್ಮೇಲೆ ಅದು ಹೆರಿಗೆ ಲೆಕ್ಕನೇ ಅಂತೆ. ನೀನೀಗ ಬಾಣಂತಿ. ತಿಂಗ್ಳು ಹೊರಗಿರ್ಬೇಕಂತೆ."

"ಕೂಸೆಲ್ಲೈತೆ ಅಂತ ಕೇಳ್ಲಿಲ್ವ ನೀವು?" ಎಂದು ಚಿತ್ತಮ್ಮ ರೇಗಿದಳು. ಆದರೆ ಹಸಿ ಗಾಯ ಹೊತ್ತು ಗುಡ್ಲಿನ ನೆಲದಲ್ಲಿ ಮಲಗುವುದನ್ನು ನೆನೆದು ಅವಳಿಗೆ ನಿಜಕ್ಕೂ ಭಯವಾಯಿತು. ಮರುಗಳಿಗೆಯಲ್ಲೇ ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು.

"ಹೊರಗಿರ್ಬೇಕು, ಅಷ್ಟೇ ಅಲ್ವ? ಈ ಆಸ್ಪತ್ರೆ ಏನು ಹಟ್ಟಿ ಒಳಗೈತ? ಇಲ್ಲೇ ಇರ್ತೀನಿ ಬಿಡ್ರಿ. ಎಂಟು ಕಳೀತು, ಇನ್ನು ಇಪ್ಪತ್ತೆರಡು."

ಕಬ್ಬಿಣದ ಮಂಚ, ಹೊತ್ತಿಗೆ ಸರಿಯಾಗಿ ಹಾಲು ಬ್ರೆಡ್ಡು, ಅಕ್ಕಪಕ್ಕ ಮಾತಿಗೆ ಹೆಂಗಸರು. ಬಾಣಂತನ ಅಂದರೆ ಇದು! ಮರುದಿನ ಬೆಳಗ್ಗೆ ಡಾಕ್ಟರು ಬಂದಾಗ ಅವಳು ಬಲಗಡೆ ಹೊಟ್ಟೆ ಹಿಡಿದು ನರಳಿದಳು. ಅದರ ಮರುದಿನ ಎಡಗಡೆ.

"ನಿನ್ನೆ ಬಲಗಡೆ ಅಂದ್ಯಲ್ಲ?"

"ಅದು ತಿರುಗಾಡ್ತೈತ್ರಮ್ಮ."

ತಿರುಗಾಡುವ ನೋವು ಸೊಂಟಕ್ಕೆ ಹೋಯಿತು, ಭುಜಕ್ಕೆ ಏರಿತು, ಒಂದು ದಿನ ಕಿವಿಗೂ ಹೋಗಿ ಬಂತು. ಹದಿನೈದನೆಯ ದಿನ ಡಾಕ್ಟರು ಹೊತ್ತಲ್ಲದ ಹೊತ್ತಿನಲ್ಲಿ ಬಂದುಬಿಟ್ಟರು. ಮಂಚಗಳ ನಡುವೆ ಚಿತ್ತಮ್ಮ ಸೆರಗು ಸಿಕ್ಕಿಸಿಕೊಂಡು, ಸೋಬಾನೆ ಹೇಳುತ್ತಾ, ಗಿರ್‍ರನೆ ಸುತ್ತುತ್ತಿದ್ದಳು.

"ಏನು ಚಿತ್ತಮ್ಮ, ನೋವು ಕಾಲಿಗೆ ಬಂತಾ?"

ವಾರ್ಡಿಗೆ ವಾರ್ಡೇ ಗೊಳ್ಳೆಂದಿತು. ಚಿತ್ತಮ್ಮ ಮಂಚದಲ್ಲಿ ಕುಸಿದು ಎಲ್ಲವನ್ನೂ ಬಾಯಿಬಿಟ್ಟಳು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಕೆಳಗೆ ಚಾಪೆಯ ಮೇಲೆ ಮಲಗಿದ್ದ ಇಬ್ಬರನ್ನು ತೋರಿಸಿದರು.

"ಇವರು ಮಂಚಕ್ಕೆ ಕಾಯ್ತಾ ಇದಾರೆ. ಗಾಯ ಕೇಳಿದಷ್ಟು ದಿನ ಆಸ್ಪತ್ರೇಲಿ ಇರಬೇಕು. ಊರು ಕೇಳಿದಷ್ಟು ದಿನ ಅಲ್ಲ. ಮನೇಲಿ ತಿಂಗಳೊಪ್ಪತ್ತು ಭಾರ ಎತ್ತಬೇಡ. ಮತ್ತೆ ನೀನು ಬಾಣಂತಿ ಹೆಂಗಾಗ್ತೀಯ? ಆ ಚೀಲವೇ ನಿನ್ನ ಹತ್ರ ಇಲ್ಲ!"

ಚಿತ್ತಮ್ಮ ಆ ಮಾತನ್ನು ಗಂಟು ಕಟ್ಟಿಕೊಂಡಳು. ಹೊಸದುರ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ಕಿಸಿಕಿಸಿ ನಗುತ್ತಿದ್ದವಳನ್ನು ಕಂಡು ಕೆಂಚಣ್ಣ, ಆಪರೇಷನ್ನಿಗೆ ಕೊಟ್ಟ ಮತ್ತಿನ ಔಷಧಿ ಇನ್ನೂ ಇಳಿದಿಲ್ಲ ಅಂದುಕೊಂಡ.

ಹಟ್ಟಿಯ ಬಾಗಿಲಲ್ಲಿ ಜುಂಜಯ್ಯ ಕೋಲು ಊರಿ ನಿಂತಿದ್ದ. ಅವನ ಹಿಂದೆ ಅರ್ಧ ಹಟ್ಟಿ.

"ಅಲ್ಲೇ ನಿಂತ್ಕಳವ್ವ. ಗುಡ್ಲಿಗೆ ನಡಿ."

"ಮೈಲಿಗೆ ಯಾತಕ್ಕೆ ಅಣ್ಣಯ್ಯ? ನಂಗೋ, ಚೀಲಕ್ಕೋ?"

"ಚೀಲಕ್ಕೆ."

"ಚೀಲ ದುರ್ಗದಲ್ಲೈತೆ. ಹೋಗಿ ಕರ್ಕಂಬಂದು ಅದನ್ನೇ ತಿಂಗ್ಳು ಕೂರಿಸ್ರಿ!"

ಹಟ್ಟಿ ಬಿದ್ದು ಬಿದ್ದು ನಕ್ಕಿತು. ಜುಂಜಯ್ಯ ತಲೆ ಕೆರೆದುಕೊಂಡ, ಆಚೆ ತಿರುಗಿ ತಾನೂ ನಕ್ಕ.

"ಹೋಗವ್ವ ಒಳಿಕ್ಕೆ. ನಿನ್ನ ಬಾಯಿಗೆ ದೇವ್ರೂ ಎದುರು ಹೇಳಲ್ಲ."

ಚಿತ್ತಮ್ಮ ಕಾಲೆತ್ತಿದಳು. ಆಗ ಗುಡ್ಲಿನಿಂದ ಸೊಸೆ ಜಯಕ್ಕನ ದನಿ ಬಂತು. ಮದುವೆಯಾಗಿ ಆರು ತಿಂಗಳಾದ ಹುಡುಗಿ, ಹೊರಗಾಗಿ ಎರಡನೆಯ ದಿನ.

"ಅತ್ತೆ, ನಂದೂ ತೆಗೆಸ್ಬಿಡ್ರಿ."

ಕೆಲವರು ನಕ್ಕರು. ಚಿತ್ತಮ್ಮ ನಗಲಿಲ್ಲ. ಇನ್ನೂ ಒಂದು ಹೆರದ, ಇಪ್ಪತ್ತು ತುಂಬದ ಆ ಮಗು ತಮಾಷೆ ಮಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳು ತಿರುಗಿ ನಡೆದು, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಗುಡ್ಲಿನೊಳಗೆ ಹೋಗಿ ಸೊಸೆಯ ಕೈ ಹಿಡಿದು ಕೂತಳು.

"ಮುಟ್ಟಿಬಿಟ್ಯಲ್ಲವ್ವ!" ಎಂದು ಜುಂಜಯ್ಯ ಕೂಗಿದ. "ಈಗ ನೀನೂ ಹೊರಗೇ!"

"ಗೊತ್ತೈತ್ ಕಣಣ್ಣ," ಎಂದಳು ಚಿತ್ತಮ್ಮ. "ಇನ್ಮೇಲೆ ಒಳಿಕ್ಕೆ ಬಂದ್ರೆ ಇಬ್ರೂ ಬರ್ತೀವಿ."