ಹೊನಗೊನೆಯಲ್ಲದ ಸೊಪ್ಪು

ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಪಕ್ಕದ ಮನೆಯ ಕುಕ್ಕರು ಎರಡನೇ ಸಲ ಕೂಗಿತು. ಅದರ ಹಿಂದೆಯೇ ಬೆಂದ ಸೊಪ್ಪಿನ ವಾಸನೆ ಗೋಡೆ ದಾಟಿ ಬಂತು. ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಇವೆಲ್ಲದರ ಅಡಿಯಲ್ಲಿ ಒದ್ದೆ ಮಣ್ಣಿನದೊಂದು ವಾಸನೆ. ಬೆರಕೆ ಸೊಪ್ಪು. ಬಾಯಲ್ಲಿ ನೀರೂರಬೇಕಾದ ಹೊತ್ತಿಗೆ ನನ್ನ ಎದೆ ಝಲ್ಲೆಂದಿತು. ಸೊಪ್ಪಿನ ವಾಸನೆಗೆ ಹೆದರುವ ಹೆಂಗಸು ನಮ್ಮ ಮಾಲೂರಿನಲ್ಲಿ ಬಹುಶಃ ನಾನೊಬ್ಬಳೇ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಮ್ಮ ಕಡೆಯವರಿಗೆ ಬೆರಕೆ ಸೊಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಅದು ಬಿತ್ತಿ ಬೆಳೆದ ಸೊಪ್ಪಲ್ಲ. ಹೊಲದ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ ತಾನಾಗಿಯೇ ಹುಟ್ಟಿದ ಹತ್ತಾರು ಬಗೆಯ ಎಲೆಗಳನ್ನು ಒಂದೇ ಮಡಿಲಿಗೆ ಕಿತ್ತು ತಂದು, ಬೇಳೆ ಜೊತೆ ಬೇಯಿಸಿ, ಚೆನ್ನಾಗಿ ಮಸೆದು, ಮುದ್ದೆಗೆ ಹಾಕಿಕೊಳ್ಳುವುದು. ಗಣಿಕೆ, ಅಣ್ಣೆ, ಕನ್ನೆ, ಒಂದೆಲಗ, ಹೊನಗೊನೆ, ಇನ್ನೂ ನನಗೆ ಹೆಸರು ಬಾರದ ಎಷ್ಟೋ. ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರುವ ಸೊಪ್ಪನ್ನು ಕಂಡರೆ ನಮ್ಮತ್ತೆಗೆ ತಾತ್ಸಾರ. "ಎಲ್ಲಾ ಒಂದೇ ಥರ, ನಿಮ್ಮ ಸ್ಕೂಲ್ ಯೂನಿಫಾರಂ ಇದ್ದಂಗೆ" ಎನ್ನುತ್ತಾರೆ.

ಅತ್ತೆಯ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿ. ಅವರ ಮಾತಿನಲ್ಲಿ ಅರ್ಧ ತೆಲುಗು. ನಾವು ಹೊನಗೊನೆ ಎನ್ನುವುದು ಅವರಿಗೆ ಪೊನ್ನಗಂಟಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ಅವರ ಬಾಯಲ್ಲಿ ನಾನು ಮೇಡಮ್ಮ. ಮದುವೆಯಾದ ಹೊಸದರಲ್ಲಿ ನನ್ನನ್ನು ಸೊಪ್ಪು ಕೀಳಲು ಕಳಿಸಿದ್ದರು. ನಾನು ಉಳಿದದ್ದರ ಜೊತೆಗೆ ಚೆಂಡುಹೂವಿನ ಸಸಿಗಳನ್ನೂ ಕಿತ್ತು ತಂದಿದ್ದೆ. ಆ ಕತೆ ಮುಂದಿನ ಇಪ್ಪತ್ತೈದು ವರ್ಷ ನಮ್ಮ ನೆಂಟರ ಪ್ರತಿ ಮದುವೆ, ಪ್ರತಿ ಸೀಮಂತದಲ್ಲಿ ಊಟದ ಪಂಕ್ತಿಯುದ್ದಕ್ಕೂ ಓಡಾಡಿತು. ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಸಸ್ಯಗಳ ವರ್ಗೀಕರಣ ಪಾಠ ಮಾಡುವಾಗ ಅತ್ತೆ ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದಾರೆ ಅನ್ನಿಸುತ್ತಿತ್ತು.

ನಾನು ಹೇಳಹೊರಟಿದ್ದು ಹೋದ ವರ್ಷದ್ದು. ಮುಳಬಾಗಿಲಿಗೆ ಕೊಟ್ಟ ಮಗಳು ಸುಮ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಒಂದೂವರೆ ತಿಂಗಳು. ಸರಿಯಾಗಿ ಅದೇ ಹೊತ್ತಿಗೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಇನ್ನೊಂದು ಮೊದಲೇ ಮಂಜು. ಕಪ್ಪು ಕನ್ನಡಕ ಹಾಕಿಕೊಂಡು, ಬಗ್ಗುವಂತಿಲ್ಲ ಎಂದ ಡಾಕ್ಟರನ್ನು ಬೈದುಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದರು. ದಿನಕ್ಕೆ ನಾಲ್ಕು ಸಲ ಒಂದೇ ಮಾತು.

"ಬಾಣಂತಿಗೆ ಪೊನ್ನಗಂಟಿ ಹಾಕಬೇಕು ಕಣಮ್ಮ. ಹಾಲು ಚೆನ್ನಾಗಿ ಬರ್ತದೆ. ನನ್ನ ಕಣ್ಣು ನೆಟ್ಟಗಿದ್ದಿದ್ರೆ ಇಷ್ಟೊತ್ತಿಗೆ ಕಿತ್ಕೊಂಡು ಬಂದಿರ್ತಿದ್ದೆ."

ಅದರಲ್ಲಿ ನನಗೊಂದು ಚುಚ್ಚು ಇತ್ತೋ ಇಲ್ಲವೋ, ನನಗಂತೂ ಚುಚ್ಚಿತು. ಶನಿವಾರ ಮಧ್ಯಾಹ್ನ ಸ್ಕೂಲಿನಿಂದ ಬಂದವಳೇ ಚೀಲ ಹಿಡಿದು ಕೆರೆಗೆ ಹೋದೆ. ಆ ಕಡೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಕೆರೆ ಮಳೆಗಾಲದಲ್ಲಿ ತುಂಬಿ, ಶಿವರಾತ್ರಿ ಹೊತ್ತಿಗೆ ನಡುವಿಗೆ ಸರಿದು, ಸುತ್ತ ಬಿರುಕು ಬಿಟ್ಟ ಕೆಸರಿನ ಅಂಚು ಉಳಿಯುತ್ತಿತ್ತು. ಈಗ ನೋಡಿದರೆ ಬೇಸಿಗೆಯಲ್ಲೂ ಕಟ್ಟೆಯವರೆಗೆ ನೀರು. ನೀರಂತೂ ಕಾಣಿಸಲಿಲ್ಲ, ಅದರ ಮೇಲೆಲ್ಲ ಹಸಿರು. ಅದೂ ಎಂಥ ಹಸಿರು ಅಂತೀರಿ, ಆಚೆ ದಡದವರೆಗೆ ನಡೆದುಕೊಂಡೇ ಹೋಗಬಹುದು ಅನ್ನಿಸುವಷ್ಟು.

ಹತ್ತಿರ ಹೋಗಿ ನೋಡಿದೆ. ಎದುರು ಬದುರು ಎಲೆ, ಬಿಳಿಯ ಪುಟ್ಟ ಹೂಗುಂಡು. ಹೊನಗೊನೆಯೇ. ಅತ್ತೆಯ ಕಾಲದಲ್ಲಿ ಬಿಸಿಲಲ್ಲಿ ಬಗ್ಗಿ ಬಗ್ಗಿ ಚಿಟಿಕೆ ಚಿಟಿಕೆಯಾಗಿ ಆರಿಸಬೇಕಾಗಿದ್ದ ಸೊಪ್ಪು ಇಲ್ಲಿ ಮೊಳಕಾಲೆತ್ತರ ಕೊಬ್ಬಿ ನಿಂತಿತ್ತು. ಹತ್ತು ನಿಮಿಷದಲ್ಲಿ ಚೀಲ ತುಂಬಿತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಬೈಸಿಕೊಂಡೆನಲ್ಲ ಎಂದುಕೊಂಡು, ಬೀಗುತ್ತ ಮನೆಗೆ ಬಂದು ಅತ್ತೆಯ ಮುಂದೆ ಮೊರದಲ್ಲಿ ಸುರಿದೆ.

ಅತ್ತೆ ಕೈಯಾಡಿಸಿದರು. ಒಂದು ಕಡ್ಡಿ ಎತ್ತಿ ಬೆರಳಲ್ಲಿ ಒತ್ತಿದರು, ಮೂಸಿದರು.

"ಎಲ್ಲಿ ಕಿತ್ತೆ?"

"ಕೆರೇಲಿ ಅತ್ತೆ. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ."

"ದಡದಲ್ಲೋ ನೀರಲ್ಲೋ?"

"ನೀರಲ್ಲೇ."

"ಸರ್ಲೇ, ಆಯ್ತು. ಇಲ್ಲೇ ಇಟ್ಟು ಹೋಗು, ನಾನು ಬಿಡಿಸಿ ಬೇಯೋಕೆ ಹಾಕ್ತೀನಿ. ನೀನು ಕೈಕಾಲು ತೊಳ್ಕೊಂಡು ಮಗು ಹತ್ರ ಕೂತ್ಕೋ."

ಒಂದು ಕುಹಕವಿಲ್ಲ, ಚೆಂಡುಹೂವಿನ ಸುದ್ದಿಯಿಲ್ಲ. ಗೆದ್ದೆ ಎಂದುಕೊಂಡೆ. ಆವತ್ತಿನ ಮಸ್ಸೊಪ್ಪನ್ನು ಎಲ್ಲರೂ ಚಪ್ಪರಿಸಿದರು. ಸುಮ ಎರಡು ಸಲ ಹಾಕಿಸಿಕೊಂಡಳು. ಊಟದ ಮಧ್ಯೆ ಪೇಪರಿನಿಂದ ತಲೆಯೆತ್ತದ ನನ್ನ ಯಜಮಾನರು ಕೂಡ ತಲೆಯೆತ್ತಿ ಚೆನ್ನಾಗಿದೆ ಎಂದರು. ನಾನು ಸುಮ್ಮನಿರಬಾರದೆ? "ಹೊನಗೊನೆ ರುಚಿಯೇ ಬೇರೆ" ಎಂದು ಒಂದು ಸಣ್ಣ ಭಾಷಣ ಮಾಡಿದೆ. ಅತ್ತೆ ಮುದ್ದೆ ನುಂಗುತ್ತ ಕೂತಿದ್ದರು.

ಮಂಗಳವಾರ ಬೆಳಿಗ್ಗೆ ಬಂಗಾರಪೇಟೆ ಕಡೆಯ ರೈಲಿನಲ್ಲಿ ಸ್ಕೂಲಿಗೆ ಹೊರಟಿದ್ದೆ. ಎದುರು ಸೀಟಿನಲ್ಲಿ ಪಾಪಮ್ಮ ಕೂತಿದ್ದಳು. ಹಿಂದೆಲ್ಲ ನಮ್ಮ ಬೀದಿಗೆ ಬೆರಕೆ ಸೊಪ್ಪು ಹೊತ್ತು ತರುತ್ತಿದ್ದವಳು ಅವಳೇ. ಈಚೆಗೆ ಅದನ್ನು ಬಿಟ್ಟು ಕೊತ್ತಂಬರಿ ಕಟ್ಟು ಮಾರುತ್ತಾಳೆ. ನೀನು ಬರದಿದ್ದರೇನಂತೆ, ನಾನೇ ಕೆರೆಗೆ ಹೋಗಿ ಹೊನಗೊನೆ ಕಿತ್ತು ತಂದೆ ಎಂದು ಅವಳೆದುರು ಜಂಬ ಕೊಚ್ಚಿದೆ.

ಪಾಪಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. "ಆ ಕೆರೇಲಾ? ಅದು ಹೊನಗೊನೆ ಅಲ್ಲ ಮೇಡಂ. ಚರಂಡಿ ನೀರು ಬಂದ್ಮೇಲೆ ಬಂದಿರೋ ಗಿಡ. ನೋಡೋಕೆ ಅಂಗೇ ಐತೆ. ಕಡ್ಡಿ ಮುರಿದ್ರೆ ಒಳಗೆ ಟೊಳ್ಳು. ಹೂವಿಗೆ ಇಷ್ಟುದ್ದ ಕಡ್ಡಿ ಇರ್ತದೆ. ಹೊನಗೊನೆ ಹೂವಿಗೆ ಕಡ್ಡಿ ಎಲ್ಲೈತೆ? ಎಲೆ ಸಂದಿಗೇ ಅಂಟ್ಕೊಂಡಿರ್ತದೆ."

"ತಿಂದರೆ ಏನಾಗುತ್ತೆ?"

"ಗಿಡದ್ದೇನು ಪಾಪ. ಅದು ಕುಡಿಯೋ ನೀರು ಎಂಥದ್ದು ನೋಡಿ. ಊರ ಚರಂಡಿ, ಯಾವ್ಯಾವುದೋ ಶೆಡ್‌ನವರು ಬಿಡೋ ಬಣ್ಣದ ನೀರು, ಎಲ್ಲಾ ಅಲ್ಲಿಗೇ. ನಾನು ಎಮ್ಮೆಗೂ ಹಾಕಲ್ಲ."

"ಹಾಗಾದ್ರೆ ಹೊನಗೊನೆ ಎಲ್ಲಿ ಹೋಯ್ತು?"

"ಕೆರೆ ಒಣಗಿದ್ರೆ ತಾನೆ ಅದು ಬರೋದು. ನೀರು ಹಿಂದಕ್ಕೆ ಹೋದಂಗೆಲ್ಲ ಅದರ ಹಿಂದೇನೇ ಬರ್ತಿತ್ತು. ಈಗ ವರ್ಷವೆಲ್ಲ ನೀರು ನಿಂತೈತೆ. ದಡ ಅನ್ನೋದೇ ಇಲ್ವಲ್ಲ."

ಬೇಸಿಗೆಯಲ್ಲೂ ನಮ್ಮ ಕೆರೆ ತುಂಬಿರುತ್ತದೆ ಎಂದು ಸ್ಟಾಫ್‌ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡವಳು ನಾನು. ಕೆರೆ ಒಣಗುವುದನ್ನೇ ಕಾಯುವ ಗಿಡಗಳೂ ಇರುತ್ತವೆ, ನೀರು ಬರುವುದು ಹೇಗೋ ಹೋಗುವುದೂ ಹಾಗೆಯೇ ಕೆರೆಯ ಕೆಲಸ ಎಂದು ನನಗೆ ಹೊಳೆದೇ ಇರಲಿಲ್ಲ. ಆದರೆ ಇದನ್ನೆಲ್ಲ ಯೋಚಿಸಿದ್ದು ಆಮೇಲೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಕೊಳಚೆ ನೀರಿನಲ್ಲಿ ಬೆಳೆದ ಗಿಡ ಸೀಸದಂಥ ವಿಷವನ್ನು ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬರೆದು ಮಕ್ಕಳಿಗೆ ತೋರಿಸುತ್ತೇನೆ. ಎಲೆಯಿಂದ ಇನ್ನೊಂದು ಬಾಣ ಎಳೆದರೆ ಅದು ಸುಮಳ ತಟ್ಟೆಗೆ ಹೋಗುತ್ತಿತ್ತು, ಅಲ್ಲಿಂದ ಮಗುವಿನ ಬಾಯಿಗೆ. ಮನೆಗೆ ಫೋನ್ ಮಾಡಿದೆ.

"ಮಗು ಹೇಗಿದೆ?"

"ಬೆಳಿಗ್ಗೆಯಿಂದ ಒಂದೇ ಸಮ ಅಳ್ತಾ ಇದೆ ಅಮ್ಮ" ಎಂದಳು ಸುಮ. "ಯಾಕೆ, ಏನಾಯ್ತು?"

ಏನೂ ಇಲ್ಲ ಎಂದು ಫೋನಿಟ್ಟೆ. ಟೇಕಲ್‌ನಲ್ಲಿ ಇಳಿದು, ಸ್ಕೂಲಿಗೆ ರಜೆ ಹೇಳಿ, ಸಿಕ್ಕಿದ ಆಟೋ ಹತ್ತಿದೆ. ಆ ದಾರಿಯಲ್ಲಿ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಗೆಲ್ಲಬೇಕೆಂಬ ಹಟಕ್ಕೆ ಹಸುಗೂಸಿಗೆ ಏನು ಮಾಡಿಬಿಟ್ಟೆ ಎಂದು ಅಳು ಬಂತು. ಆಟೋದವನು ಕನ್ನಡಿಯಲ್ಲಿ ನೋಡಿ ಇನ್ನಷ್ಟು ಜೋರಾಗಿ ಓಡಿಸಿದ.

ಮನೆ ತಲುಪಿದಾಗ ಅಳು ಕೇಳಿಸಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು. ಒಳಗೆ ಸುಮ, ಮಗು ಇಬ್ಬರೂ ನಿದ್ದೆ ಮಾಡುತ್ತಿದ್ದರು. ಜಗುಲಿಗೆ ಬಂದು ಅತ್ತೆಯ ಪಕ್ಕ ಕುಸಿದು ಕೂತೆ. ಪಾಪಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, "ತಪ್ಪು ಮಾಡಿಬಿಟ್ಟೆ ಅತ್ತೆ, ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಎಂದೆ.

ಅತ್ತೆ ಕಪ್ಪು ಕನ್ನಡಕವನ್ನು ಸರಿ ಮಾಡಿಕೊಂಡರು. "ಅದನ್ನ ನಾನು ಹಾಕೇ ಇಲ್ವಲ್ಲಮ್ಮ."

"ಏನು?"

"ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು, ಕಡ್ಡಿ ಟೊಳ್ಳು ಅಂತ. ಮೋರಿ ವಾಸನೆ ಬೇರೆ. ಹಿತ್ತಲಲ್ಲಿ ನುಗ್ಗೆ ಮರ ಇಲ್ವಾ, ಕೈಗೆ ಸಿಕ್ಕಿದ್ದು ತರಿದು ಬೇಳೆಗೆ ಹಾಕ್ದೆ. ನಿನ್ನ ಸೊಪ್ಪು ನೀರೊಲೆ ಹತ್ರ ಬಿದ್ದೈತೆ, ಹೋಗಿ ನೋಡು. ಗೆಣ್ಣಿಗೊಂದು ಬೇರು ಬಿಟ್ಟಿತ್ತು. ತಿಪ್ಪೆಗೆ ಎಸೆದ್ರೆ ಅಲ್ಲೂ ಚಿಗುರ್ಕೊಂಡೀತು ಅಂತ ಒಣಗೋಕೆ ಹಾಕಿದೀನಿ. ಮಗೂಗೆ ಗಾಳಿ ತುಂಬ್ಕೊಂಡಿತ್ತು, ಹೊಟ್ಟೆಗೆ ಹರಳೆಣ್ಣೆ ಸವರಿದೆ, ಮಲಗ್ತು."

ಬಚ್ಚಲಿಗೆ ಓಡಿದೆ. ಬಾಣಂತಿಗೆ ನೀರು ಕಾಯಿಸುವ ಒಲೆಯ ಪಕ್ಕ ನನ್ನ ಚೀಲದಷ್ಟೂ ಸೊಪ್ಪು ಬಾಡಿ, ಕಂದಿ, ಗುಪ್ಪೆಯಾಗಿ ಬಿದ್ದಿತ್ತು. ಮೂರು ದಿನದಿಂದ ಅದನ್ನು ದಾಟಿಕೊಂಡೇ ಸ್ನಾನಕ್ಕೆ ಹೋಗುತ್ತಿದ್ದೆ. ಒಂದು ಕಡ್ಡಿ ಮುರಿದು ನೋಡಿದೆ. ಟೊಳ್ಳು. ಹೂವಿಗೆ ಉದ್ದನೆಯ ಕಡ್ಡಿ. ಒದ್ದೆ ಕಲ್ಲಿನ ಮೇಲೆ ಹಾಗೇ ಕೂತು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಅಷ್ಟು ಹಗುರವಾಗಿ ಇನ್ನೆಂದೂ ಅತ್ತಿಲ್ಲ. ನುಗ್ಗೆಸೊಪ್ಪನ್ನು ತಿಂದು ಹೊನಗೊನೆಯ ರುಚಿಯ ಬಗ್ಗೆ ಭಾಷಣ ಮಾಡಿದ್ದು ಆಗ ನೆನಪಾಗಿ, ಮತ್ತೆ ನಗು ಬಂತು.

"ಆವತ್ತೇ ಯಾಕೆ ಹೇಳಲಿಲ್ಲ ಅತ್ತೆ?" ಎಂದು ಆಮೇಲೆ ಕೇಳಿದೆ.

"ಬಿಸಿಲಲ್ಲಿ ಹೋಗಿ ಅಷ್ಟು ಆಸೆಯಿಂದ ತಂದಿದ್ದೆ. ಮಗಳ ಮುಂದೆ ಏನಂತ ಹೇಳ್ಲಿ? ನಿಧಾನಕ್ಕೆ ಹೇಳೋಣ ಅಂತಿದ್ದೆ. ನೀನು ಹಿಂಗೆ ಹೆದರ್ಕೊಂಡು ಓಡಿ ಬತ್ತೀಯ ಅಂತ ನನಗೇನು ಗೊತ್ತು" ಎಂದರು. ಇಪ್ಪತ್ತೈದು ವರ್ಷ ನೆಂಟರೆದುರು ನನ್ನನ್ನು ಆಡಿಕೊಂಡ ಅತ್ತೆಗೆ, ನಿಜವಾಗಿ ಆಡಿಕೊಳ್ಳಬಹುದಾಗಿದ್ದ ದಿನ ಬಾಯಿ ಬಂದಿರಲಿಲ್ಲ. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಅವರ ಕಣ್ಣು ನೆಟ್ಟಗಾದ ಮೇಲೆ ನಾವಿಬ್ಬರೂ ಹೊನಗೊನೆ ಹುಡುಕುತ್ತ ಎಲ್ಲೆಲ್ಲೋ ತಿರುಗಿದೆವು. ಸಿಕ್ಕಿದ್ದು ಲಕ್ಕೂರಿನ ಕಡೆ, ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟುಹೋದ ಗುಂಡಿಗಳಲ್ಲಿ. ಒಳ್ಳೆಯ ಭೂಮಿಯನ್ನು ಹಾಳು ಮಾಡಿದರು ಎಂದು ನಾವೆಲ್ಲ ಶಾಪ ಹಾಕಿದ ಗುಂಡಿಗಳವು. ಅಲ್ಲಿಗೆ ಚರಂಡಿ ಬರುವುದಿಲ್ಲ, ಬರುವುದು ಬರೀ ಮಳೆ. ತುಂಬುತ್ತವೆ, ಒಣಗುತ್ತವೆ. ನೀರು ಇಳಿದ ಅಂಚಿನಲ್ಲಿ ಹೊನಗೊನೆ ನೆಲಕ್ಕೆ ಒರಗಿಕೊಂಡು, ಹೂವನ್ನು ಎಲೆ ಸಂದಿಯಲ್ಲಿ ಬಚ್ಚಿಟ್ಟುಕೊಂಡು ಹಬ್ಬಿತ್ತು, ಜೊತೆಗೆ ಒಂದೆಲಗ. ಅತ್ತೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ನನಗೆ ಪಾಠ ಮಾಡಿದರು. ನಾನು ಒಳ್ಳೆಯ ವಿದ್ಯಾರ್ಥಿನಿಯಲ್ಲ, ಆದರೂ ಕಲಿತೆ.

ಈ ಭಾನುವಾರ ಸುಮ ಮಗುವನ್ನು ಕರೆದುಕೊಂಡು ಬಂದಿದ್ದಳು. ಅದಕ್ಕೀಗ ಹಲ್ಲು ಬಂದಿವೆ, ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಪಕ್ಕದ ಮನೆಯ ವಾಸನೆ ಮೂಗಿಗೆ ಬಡಿದು ಎದೆ ಝಲ್ಲೆಂದ ಮೇಲೆ, ಹೀಗೇ ಹೆದರುತ್ತ ಎಷ್ಟು ದಿನ ಎಂದುಕೊಂಡು ಮುಖ ತೊಳೆದು ಚೀಲ ಹಿಡಿದು ಹೊರಟೆ. ಆ ಗುಂಡಿಗಳ ಕಡೆ ಒಬ್ಬಳೇ ಹೋದದ್ದು ಇದೇ ಮೊದಲು. ಒಂದೊಂದು ಕಡ್ಡಿಯನ್ನೂ ಚಿವುಟಿ ನೋಡಿ, ಚೀಲದ ಅರ್ಧ ತುಂಬಿಸುವಷ್ಟರಲ್ಲಿ ಬಿಸಿಲೇರಿತ್ತು.

ಮನೆಗೆ ಬಂದು ಮೊರವನ್ನು ಅತ್ತೆಯ ಮುಂದಿಟ್ಟೆ. ಅವರು ಮರಿಮಗುವನ್ನು ಕಾಲಮೇಲೆ ಕೂರಿಸಿಕೊಂಡು ಏನೋ ತೆಲುಗು ಪದ ಹೇಳಿಕೊಡುತ್ತಿದ್ದರು.

"ಒಂದ್ಸಲ ನೋಡಿಬಿಡಿ ಅತ್ತೆ."

"ನೀನು ನೋಡಿದ್ಯಾ?"

"ನೋಡಿದೆ."

"ಮತ್ತೆ ನಾನೇನು ನೋಡೋದು. ತೊಳೆದು ಬೇಯೋಕೆ ಹಾಕು ಹೋಗು."

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಚಿಕ್ಕ ತುಂಡು ಮುದ್ದೆಯನ್ನು ಮಸ್ಸೊಪ್ಪಿನಲ್ಲಿ ಅದ್ದಿ, ಬಾಯಲ್ಲಿ ಊದಿ ಆರಿಸಿ, ತಾವಿನ್ನೂ ರುಚಿ ನೋಡುವ ಮೊದಲೇ ಮಗುವಿನ ಬಾಯಿಗಿಟ್ಟರು. ಮಗು ಒಂದು ಕ್ಷಣ ಯೋಚಿಸಿ ನುಂಗಿತು. ಇನ್ನೊಂದು ತುತ್ತಿಗೆ ಬಾಯಿ ತೆರೆಯಿತು. ನಾನು ನನ್ನ ತಟ್ಟೆ ಎಳೆದುಕೊಂಡೆ.